ಗುರುಸಿದ್ದಮ್ಮನ ಉಸಿರು, ಫಾಮಿದಾ ಕಟ್ಟಿದ ಪೆಟ್ಟಿಗೆ

ಬೆಳಗಿನ ಐದೂವರೆ. ತಿಪಟೂರು ರೈಲು ನಿಲ್ದಾಣದ ಹಿಂದಿನ ಓಣಿಗೆ ಹಾಲಿನವನು ಇನ್ನೂ ಬಂದಿಲ್ಲ. ನಮಾಜು ಮುಗಿಸಿದ ಫಾಮಿದಾ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಾರೆ. ಎದುರಿಗೆ ಮೊಟ್ಟೆ ಇಡುವ ರಟ್ಟಿನ ಟ್ರೇಗಳು. ಅವುಗಳಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ನೀಲಿ ಬ್ಯಾಟರಿ ಸೆಲ್ಲುಗಳು ನೆಟ್ಟಗೆ ನಿಂತಿವೆ. ಒಂದೊಂದನ್ನೇ ಎತ್ತಿ ಮೀಟರಿನ ಎರಡು ಮುಳ್ಳುಗಳನ್ನು ಎರಡೂ ತುದಿಗೆ ತಾಗಿಸುತ್ತಾರೆ, ಅಂಕಿ ನೋಡುತ್ತಾರೆ, ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಸೆಲ್ಲಿನ ಮೈಮೇಲೆ ಬರೆಯುತ್ತಾರೆ. ಒಂದಕ್ಕೆ ಹತ್ತು ಸೆಕೆಂಡು ಹಿಡಿಯುವುದಿಲ್ಲ.

"ದಿನಾ ಇದೇ ಕಣ್ರೀ. ಎತ್ತೋದು, ನೋಡೋದು, ಇಡೋದು. ಇದ್ರಲ್ಲಿ ಪೇಪರ್‌ಗೆ ಬರೆಯೋಂಥದ್ದು ಏನೈತೆ?" ಎಂದು ನನ್ನ ನೋಟ್‌ಬುಕ್ಕಿನ ಕಡೆ ಅನುಮಾನದಿಂದ ನೋಡುತ್ತಾರೆ. ಅವರಿಗೆ ನಲವತ್ತಾರು ವರ್ಷ. ಮಾತಾಡುವಾಗಲೂ ಕೈ ನಿಲ್ಲುವುದಿಲ್ಲ.

ಈ ಸೆಲ್ಲುಗಳು ಬರುವುದು ದಣಿದ ಎಲೆಕ್ಟ್ರಿಕ್ ಆಟೋಗಳಿಂದ. ಮೊದಲಿನಷ್ಟು ದೂರ ಓಡದ ಬ್ಯಾಟರಿಯನ್ನು ಆಟೋದವರು ಇಡಿಯಾಗಿ ಬದಲಿಸುತ್ತಾರೆ. ಬಿಚ್ಚಿ ನೋಡಿದರೆ ಒಳಗಿನ ಎಲ್ಲ ಸೆಲ್ಲೂ ಸತ್ತಿರುವುದಿಲ್ಲ. ಸತ್ತ ನಾಲ್ಕಾರು ಉಳಿದವನ್ನೂ ಎಳೆದು ಕೂರಿಸಿರುತ್ತವೆ. ಫಾಮಿದಾ ದಿನಕ್ಕೆ ಐವತ್ತರವತ್ತು ಸೆಲ್ಲು ಪರೀಕ್ಷಿಸುತ್ತಾರೆ. ಚಾರ್ಜು ತುಂಬಿಸಿ, ಒಂದು ವಾರ ಸುಮ್ಮನೆ ಬಿಟ್ಟು, ಮತ್ತೆ ಅಳೆಯುತ್ತಾರೆ. ಸುಮ್ಮನಿದ್ದಾಗಲೂ ಸೋರಿಕೊಳ್ಳುವಂಥವು ಮೂಲೆಯ ಡಬ್ಬಕ್ಕೆ ಹೋಗುತ್ತವೆ. ನೂರಕ್ಕೆ ಅರವತ್ತು ಪಾಸು. ಪಾಸಾದವನ್ನು ಜೋಡಿ ನೋಡಿ ಹೊಂದಿಸಿ ಪೆಟ್ಟಿಗೆ ಕಟ್ಟುತ್ತಾರೆ. ನಾಲ್ಕು ವರ್ಷದಲ್ಲಿ ಅರವತ್ತೊಂದು ಪೆಟ್ಟಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಗೆ ಹೋಗಿವೆ. ಅರವತ್ತೊಂದು ಕಡೆ ಡೀಸೆಲ್ ಜನರೇಟರು ಸುಮ್ಮನಾಗಿದೆ. ದೇಶ ಸುಡುವ ಕಲ್ಲಿದ್ದಲು, ಡೀಸೆಲ್ಲಿನ ಲೆಕ್ಕದಲ್ಲಿ ಇದು ಏನೂ ಅಲ್ಲ. ಆ ಮಾತನ್ನು ನಾನು ಹೇಳುವ ಮೊದಲೇ ಅವರೇ ಹೇಳಿ ನಗುತ್ತಾರೆ.

ಇವತ್ತು ಬಾಗಿಲ ಪಕ್ಕ ನಿಂತಿರುವ ಪೆಟ್ಟಿಗೆಯ ಕಡೆ ಮಾತ್ರ ಅವರು ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದಾರೆ. ಅದರೊಳಗೆ ಮುನ್ನೂರ ಮೂವತ್ತಾರು ಸೆಲ್ಲು. ಅದು ಹೋಗಬೇಕಾದ್ದು ಅರಳಗುಪ್ಪೆಯ ಬಸವರಾಜಪ್ಪನವರ ಮನೆಗೆ. ಅವರ ತಾಯಿ ಗುರುಸಿದ್ದಮ್ಮನವರಿಗೆ ಎಪ್ಪತ್ತಾರು. ಐವತ್ತು ವರ್ಷ ತೆಂಗಿನ ಮಟ್ಟೆ, ಚಿಪ್ಪಿನ ಒಲೆ ಊದಿ ಅವರ ಶ್ವಾಸಕೋಶ ಸೋತಿದೆ. ದಿನದಲ್ಲಿ ಹದಿನಾರು ಗಂಟೆ, ಗಾಳಿಯಿಂದ ಆಮ್ಲಜನಕ ಹಿಂಡಿ ಕೊಡುವ ಯಂತ್ರದ ನಳಿಕೆ ಮೂಗಿನಲ್ಲಿರಬೇಕು. ಒಂದೇ ಸಲಕ್ಕೆ ಒಂದೆರಡು ಗಂಟೆಗಿಂತ ಹೆಚ್ಚು ಅದನ್ನು ತೆಗೆದಿಡುವಂತಿಲ್ಲ. ಆ ಯಂತ್ರ ಕರೆಂಟಿನಿಂದ ನಡೆಯುತ್ತದೆ. ಇವತ್ತು ದುರಸ್ತಿ ಕೆಲಸಕ್ಕೆಂದು ಹತ್ತರಿಂದ ಐದರವರೆಗೆ ಆ ಭಾಗಕ್ಕೆ ಕರೆಂಟು ಇಲ್ಲ ಎಂದು ಪ್ರಕಟಣೆ ಬಂದಿದೆ. ಒಟ್ಟು ಏಳು ಗಂಟೆ ಹೊತ್ತು. ಈ ಮನೆಗೆ ಫಾಮಿದಾ ಕಟ್ಟಿದ್ದ ಮೊದಲ ಪೆಟ್ಟಿಗೆ ಏಪ್ರಿಲ್‌ನಲ್ಲಿ ಇಂಥದ್ದೇ ಒಂದು ದಿನ ನಡುವೆ ನಿಂತುಹೋಗಿತ್ತು.

ಫಾಮಿದಾ ಮೊದಲು ರವಿಕೆ ಹೊಲಿಯುತ್ತಿದ್ದವರು. ಗಂಡ ಖುದ್ದೂಸ್ ಡೀಸೆಲ್ ಮೆಕ್ಯಾನಿಕ್. ಮೂವತ್ತು ವರ್ಷ ಪಂಪಿನ ಇಂಜಿನ್ನು, ಕೊಬ್ಬರಿ ಮಂಡಿಗಳ ಜನರೇಟರು ರಿಪೇರಿ ಮಾಡಿ ಬಲಗಿವಿ ಅರ್ಧ ಮಂದವಾಗಿದೆ. ಎಡಗಿವಿಯನ್ನು ನಮ್ಮ ಕಡೆ ತಿರುಗಿಸಿಕೊಂಡು ಹೇಳುತ್ತಾರೆ: "ಇಂಜಿನ್ ಕೆಟ್ರೆ ಕೂಗಿ ಹೇಳ್ತಿತ್ತು ಸಾರ್, ನಂಗೆ ಇಲ್ಲಿ ನೋವೈತೆ ಅಂತ. ಈ ಬ್ಯಾಟ್ರಿ ಬಾಯೇ ಬಿಡಲ್ಲ."

ನಾಲ್ಕು ವರ್ಷದ ಹಿಂದೆ ಒಬ್ಬ ಆಟೋದವನು ಕೆಟ್ಟ ಬ್ಯಾಟರಿ ತಂದು ಇವರ ಅಂಗಡಿಯಲ್ಲಿ ಇಳಿಸಿದ. ಖುದ್ದೂಸ್ ಸತ್ತ ಸೆಲ್ಲುಗಳನ್ನು ಕಿತ್ತು, ಸಿಕ್ಕ ಮೂವತ್ತು ಹೊಸ ಸೆಲ್ಲು ಹಾಕಿ ಕಳಿಸಿದರು. ಹದಿನೈದೇ ದಿನಕ್ಕೆ ಅದು ವಾಪಸ್ಸು ಬಂತು. ಪಕ್ಕದಲ್ಲಿ ಹೊಲಿಗೆ ಹಾಕುತ್ತಾ ಕೂತಿದ್ದ ಫಾಮಿದಾ ಅವತ್ತೇ ಮೂಗು ತೂರಿಸಿದರು.

"ಲೈನಿಂಗ್ ಬಟ್ಟೆ ನೆನೆಸಿ ಒಣಗಿಸ್ದೆ ಹೊಲಿದ್ರೆ ಮೊದ್ಲನೇ ಒಗೆತಕ್ಕೆ ಎಳ್ಕಳುತ್ತೆ. ರವಿಕೆ ಪೂರ್ತಿ ಸುಕ್ಕು. ಇದೂ ಹಂಗೇ ಇರ್ಬೇಕು ಅಂದೆ. ಜೊತೆಗೆ ಹಾಕೋದನ್ನೆಲ್ಲ ಒಂದೇ ಹದಕ್ಕೆ ತರಬೇಕು. ಅವ್ರು ನಕ್ಕರು. ಆಮೇಲೆ ಮೀಟ್ರು ನನ್ನ ಕೈಗೆ ಕೊಟ್ರು." ಡಿಪ್ಲೊಮಾ ಓದುವ ಮಗಳು ಅಕ್ಸಾ ಬ್ಯಾಟರಿಯ ಬಗ್ಗೆ ಇಂಗ್ಲಿಷಿನಲ್ಲಿದ್ದ ವಿವರ ಓದಿ ಹೇಳಿದಳು. ಈಗ ಅಳೆಯುವುದು, ಹೊಂದಿಸುವುದು ಹೆಂಡತಿ. ಸೆಲ್ಲುಗಳನ್ನು ಜೋಡಿಸುವ ಲೋಹದ ಪಟ್ಟಿ ಬೆಸೆಯುವುದು, ತಗಡಿನ ಪೆಟ್ಟಿಗೆ ಮಾಡುವುದು ಗಂಡ. ಗಿರಾಕಿಗಳು ಮಾತ್ರ ಇವತ್ತಿಗೂ "ಖುದ್ದೂಸ್ ಸಾಬ್ರ ಬ್ಯಾಟ್ರಿ" ಎಂದೇ ಕೇಳಿಕೊಂಡು ಬರುತ್ತಾರೆ. ಫಾಮಿದಾ ತಿದ್ದಲು ಹೋಗುವುದಿಲ್ಲ.

ಬ್ಯಾಟರಿ ಕರೆಂಟು ಹುಟ್ಟಿಸುತ್ತದೆ ಎಂದು ತಿಳಿದವರೇ ಹೆಚ್ಚು. ಅಂಥವರಿಗೆ ಫಾಮಿದಾ ಕೊಡುವ ಉತ್ತರ ಈ ಸೀಮೆಯದ್ದೇ. "ಬ್ಯಾಟ್ರಿ ಅಂದ್ರೆ ನಿಮ್ಮನೆ ಅಟ್ಟ ಇದ್ದಂಗೆ ಕಣ್ರೀ. ಅಟ್ಟದಲ್ಲಿ ಕಾಯಿ ಬಿಡಲ್ಲ, ಇಟ್ಟಿದ್ದು ಇರುತ್ತೆ ಅಷ್ಟೆ. ಮರದಲ್ಲಿ ಬಿಟ್ರೆ ತಾನೇ ಅಟ್ಟಕ್ಕೆ?"

ಹಾಗಾದರೆ ಮರ ಯಾವುದು ಎಂದು ಕೇಳಿದರೆ ಗಂಡಹೆಂಡಿರ ನಡುವೆ ಚರ್ಚೆ ಶುರುವಾಗುತ್ತದೆ. ಹಗಲು ನಮ್ಮ ಜಿಲ್ಲೆಯದ್ದೇ ಪಾವಗಡದ ಸೋಲಾರ್ ಪಾರ್ಕಿನ ಬಿಸಿಲು ಇದೆ. ರಾತ್ರಿಗೆ? ಶರಾವತಿಯ ನೀರಿದೆ, ರಾಯಚೂರಿನ ಕಲ್ಲಿದ್ದಲಿದೆ, ಕೈಗಾದ ಅಣುಸ್ಥಾವರವಿದೆ. ಖುದ್ದೂಸ್ ಕೈಗಾದ ಪಕ್ಷ. ಅದನ್ನು ಕಟ್ಟುವಾಗ ಕಂಟ್ರಾಕ್ಟರೊಬ್ಬರ ಇಂಜಿನ್ನುಗಳನ್ನು ನೋಡಿಕೊಳ್ಳಲು ಎರಡು ವರ್ಷ ಅಲ್ಲಿದ್ದರು. "ಹೊಗೆ ಇಲ್ದಂಗೆ ಕರೆಂಟ್ ಮಾಡೋ ಜಾಗ ಕಟ್ಟೋಕೆ ನಾನು ಡೀಸೆಲ್ ಹೊಗೆ ಕುಡ್ದೆ" ಎನ್ನುವುದು ಅವರ ಹಳೆಯ ತಮಾಷೆ. ಫಾಮಿದಾ ಅದನ್ನೇ ಇನ್ನೊಂದು ಕಡೆಯಿಂದ ನೋಡುತ್ತಾರೆ. "ಸಂಜೆ ಆರಕ್ಕೆ ಸೂರ್ಯ ಡ್ಯೂಟಿ ಮುಗಿಸ್ತಾನೆ. ಕೈಗಾದೋರಿಗೆ ಆ ಪಾಟಿ ಬಿಡುವಿಲ್ಲ. ಹಗಲಿನ ಬಿಸ್ಲು ಪೆಟ್ಟಿಗೇಲಿ ಎತ್ತಿಟ್ಟು, ರಾತ್ರಿಗೆ ಕೈಗಾದಂಥದ್ದು ಒಂದೇ ಸಮ್ನೆ ನಡೀತಿದ್ರೆ, ಕಲ್ಲಿದ್ದಲು ತಾನಾಗೇ ಕಮ್ಮಿ ಆಗುತ್ತೆ. ಎರಡೂ ಬೇಕು."

ನಿಮ್ಮ ಪೆಟ್ಟಿಗೆಗೆ ತುಂಬುವುದು ಕಲ್ಲಿದ್ದಲ ಕರೆಂಟೋ ಕೈಗಾದ್ದೋ ಎಂದು ಚುಚ್ಚಿದೆ. "ಯಾವ ಕೆರೆ ನೀರು ಅಂತ ನಲ್ಲಿ ಹೇಳುತ್ತಾ? ಎಲ್ಲಾ ಬೆರ್ತು ಬರುತ್ತೆ" ಎಂದರು. ಅಣುಸ್ಥಾವರವೆಂದರೆ ಜನ ಹೆದರುತ್ತಾರೆ, ಉರಿದುಳಿದದ್ದನ್ನು ಸಾವಿರಾರು ವರ್ಷ ಕಾಯಬೇಕಲ್ಲ ಎಂದೆ. ಅವರು ಸೆಲ್ಲು ಕೆಳಗಿಟ್ಟರು. ಬೆಳಗಿನಿಂದ ಅವರ ಕೈ ನಿಂತದ್ದು ಆಗ ಮಾತ್ರ.

"ಹೆದ್ರಬೇಕು ಕಣ್ರೀ. ನಾನು ಇದಕ್ಕೂ ಹೆದರ್ತೀನಿ. ಕೆಟ್ಟಾಗಿ ಕಟ್ಟಿದ್ರೆ ಇದೂ ಹತ್ಕಂಡು ಉರಿಯುತ್ತೆ. ಹೆದರೋರೇ ಮೀಟ್ರು ನೋಡೋದು. ಧೈರ್ಯ ಇರೋರು ನೋಡಲ್ಲ."

ಏಪ್ರಿಲ್‌ನಲ್ಲಿ ಏನಾಯಿತೆಂದು ಅವರೇ ಹೇಳುತ್ತಾರೆ. ಗುರುಸಿದ್ದಮ್ಮನವರಿಗೆ ಆಮ್ಲಜನಕ ಬೇಕೆಂದು ಡಾಕ್ಟರು ಹೇಳಿದಾಗ ಬಸವರಾಜಪ್ಪ ಮೊದಲು ಡೀಸೆಲ್ ಜನರೇಟರು ತಂದಿದ್ದರು. ಅದು ಕೂತಿದ್ದು ಅಮ್ಮನ ಕೋಣೆಯ ಕಿಟಕಿಯ ಕೆಳಗೆ. ಯಂತ್ರ ಒಳಗೆ ಉಸಿರು ಕೊಡುತ್ತಿದ್ದರೆ ಜನರೇಟರಿನ ಹೊಗೆ ಕಿಟಕಿಯಿಂದ ಬಂದು ಅದೇ ಉಸಿರನ್ನು ಕಟ್ಟಿಸುತ್ತಿತ್ತು. ಅದಕ್ಕೇ ಅವರು ಫಾಮಿದಾರ ಹತ್ತಿರ ಬಂದದ್ದು. ಪೆಟ್ಟಿಗೆ ತಾವೇ ಒಯ್ದು, ತಮ್ಮೂರಿನ ವೈರಿಂಗಿನವರಿಂದ ಜೋಡಿಸಿಕೊಂಡರು.

ಈ ಸೀಮೆಯ ಮನೆಗಳಲ್ಲಿ ಜೋಪಾನ ಮಾಡಬೇಕಾದದ್ದೆಲ್ಲ ಅಟ್ಟ ಸೇರುತ್ತದೆ. ಸುಲಿಯದ ಕಾಯಿ ಹತ್ತು ಹನ್ನೊಂದು ತಿಂಗಳು ಹೆಂಚಿನಡಿಯ ಬೆಚ್ಚಗೆಯಲ್ಲಿ ಕೂತು ಚಿಪ್ಪಿನೊಳಗೇ ಕೊಬ್ಬರಿಯಾಗುವುದು ಅಲ್ಲೇ. ಬಸವರಾಜಪ್ಪನವರು ಅಮ್ಮನ ಜೀವ ಉಳಿಸುವ ಪೆಟ್ಟಿಗೆಯನ್ನು ನೆಲದ ಮೇಲೆ ಇಟ್ಟಾರೆಯೇ? ತಂತಿ ಎಳೆಸಿ, ಅಟ್ಟದಲ್ಲಿ ಕಾಯಿಗಳ ನಡುವೆ ಭದ್ರವಾಗಿ ಕೂರಿಸಿದರು. ಕಾಯಿಯನ್ನು ಕೊಬ್ಬರಿ ಮಾಡುವ ಬಿಸಿ ಬ್ಯಾಟರಿಗೆ ಆಗದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕರೆಂಟು ಹೋದ ದಿನ ಮಧ್ಯಾಹ್ನ ಎರಡು ಗಂಟೆಗೆ ಹೆಂಚು ಕಾದು, ಬಿಸಿ ಮಿತಿ ಮೀರಿ, ಪೆಟ್ಟಿಗೆ ತನ್ನನ್ನು ತಾನೇ ನಿಲ್ಲಿಸಿಕೊಂಡಿತು. ಆಪತ್ತಿಗೆಂದು ಇಟ್ಟಿದ್ದ ಆಮ್ಲಜನಕದ ಸಿಲಿಂಡರ್ ಖಾಲಿಯಾಗಿತ್ತು. ಜನರೇಟರು ಹೊರಗೆಳೆದು ಹಚ್ಚಿದರು, ಹೊಗೆ ಬಂತು, ಗುರುಸಿದ್ದಮ್ಮನವರ ತುಟಿ ನೀಲಿಯಾಯಿತು. ಕಾರಿನಲ್ಲಿ ತಿಪಟೂರಿಗೆ ತಂದರು. ಎರಡು ದಿನ ಆಸ್ಪತ್ರೆಯಲ್ಲಿದ್ದರು.

ಬಸವರಾಜಪ್ಪನವರಿಂದ ಬೈಸಿಕೊಂಡೇ ಫಾಮಿದಾ ಅರಳಗುಪ್ಪೆಗೆ ಹೋದರು, ಏಣಿ ಹತ್ತಿ ನೋಡಿದರು. ನಿಮ್ಮದೇ ತಪ್ಪು ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. "ಹೆಂಗೆ ಹೇಳ್ಲಿ? ಬ್ಯಾಟ್ರಿ ಅಟ್ಟ ಇದ್ದಂಗೆ ಅಂತ ಊರಿಗೆಲ್ಲ ಹೇಳ್ಕಂಡು ತಿರುಗೋಳು ನಾನು. ಅಟ್ಟದಲ್ಲಿ ಇಡಬೇಡಿ ಅಂತ ಒಂದು ಮಾತು ಹೇಳ್ಲಿಲ್ಲ. ಆ ಅಜ್ಜಿ ಅವತ್ತು ಹೋಗಿಬಿಟ್ಟಿದ್ರೆ..." ಅವರ ಕಣ್ಣು ತುಂಬಿದೆ, ಒರೆಸಿಕೊಳ್ಳುವುದಿಲ್ಲ. ಅವತ್ತಿನಿಂದ ಕೂರಿಸುವ ಜಾಗ ಕಣ್ಣಾರೆ ನೋಡದೆ ಅವರು ಯಾರಿಗೂ ಪೆಟ್ಟಿಗೆ ಕೊಡುವುದಿಲ್ಲ. ಬಿಸಿಯುಂಡ ಸೆಲ್ಲುಗಳನ್ನೆಲ್ಲ ತೆಗೆದು ಬೇರೆ ಆರಿಸಿ ಕಟ್ಟಿದ ಪೆಟ್ಟಿಗೆಯೇ ಈಗ ಬಾಗಿಲಲ್ಲಿರುವುದು.

ಒಂಬತ್ತು ಗಂಟೆಗೆ ನಾವು ಅರಳಗುಪ್ಪೆಯಲ್ಲಿದ್ದೇವೆ. ಫಾಮಿದಾ ಆರಿಸಿದ ಜಾಗ ನಡುಮನೆಯ ಉತ್ತರದ ಮೂಲೆ. ಬಿಸಿಲು ತಾಗದು, ನೆಲ ತಣ್ಣಗಿದೆ. ಮೊದಲು ಮುಟ್ಟಿ ನೋಡಿದ್ದು ಪೆಟ್ಟಿಗೆಯನ್ನಲ್ಲ, ಸಿಲಿಂಡರನ್ನು. "ತುಂಬ್ಸಿದ್ದೀರಾ ಬಸವರಾಜಪ್ಪೋರೆ? ನನ್ನ ನಂಬ್ಕಂಡು ಇದನ್ನ ಖಾಲಿ ಇಡಬೇಡಿ."

"ತುಂಬ್ಸಿದ್ದೀನಿ ಕಣಮ್ಮ" ಎನ್ನುವ ಬಸವರಾಜಪ್ಪ ಜನರೇಟರಿಗೂ ಡೀಸೆಲ್ ತುಂಬಿಸಿ ಹಿತ್ತಲಲ್ಲಿ ಇಟ್ಟಿದ್ದಾರೆ. ಹೇಳಲು ಸಂಕೋಚ, ಆದರೆ ಫಾಮಿದಾ ನೋಡಿದ್ದಾರೆ. ಅಮ್ಮ ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಎಂದು ಬಸವರಾಜಪ್ಪ ಪಿಸುಗುಡುತ್ತಾರೆ. ಕರೆಂಟು ತೆಗೆಯುವ ಸುದ್ದಿ ಕಿವಿಗೆ ಬಿದ್ದಾಗಿನಿಂದ ಯಾವಾಗ, ಯಾವಾಗ ಎಂದು ಕೇಳುತ್ತಲೇ ಇದ್ದಾರಂತೆ. ಹೊತ್ತು ಮಾತ್ರ ಅವರಿಗೆ ಹೇಳಿಲ್ಲ. ಒಳಗೆ ಗೋಡೆಗೆ ಒರಗಿ ಕೂತ ಗುರುಸಿದ್ದಮ್ಮ ಫಾಮಿದಾರನ್ನು ನೋಡಿ ಮುಖ ತಿರುಗಿಸಿಕೊಳ್ಳುತ್ತಾರೆ.

ಖುದ್ದೂಸ್ ಪೆಟ್ಟಿಗೆಯಿಂದ ಅಮ್ಮನ ಕೋಣೆಯ ಯಂತ್ರ, ಫ್ಯಾನಿಗೆ ಮಾತ್ರ ತಂತಿ ಜೋಡಿಸುತ್ತಾರೆ. ಹತ್ತಕ್ಕೆ ನಾಲ್ಕು ನಿಮಿಷವಿರುವಾಗ ನಡುಮನೆಯ ದೀಪ ಆರುತ್ತದೆ. ಕೋಣೆಯ ಯಂತ್ರದ ಗುಂಯ್ ಸದ್ದು ಹಾಗೇ ಇದೆ. ಟೇಬಲ್ ಫ್ಯಾನು ತಿರುಗುತ್ತಿದೆ. ಫಾಮಿದಾ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು ಅರ್ಧ ಗಂಟೆಗೊಮ್ಮೆ, ನೂರಕ್ಕೆ ಎಷ್ಟು ಚಾರ್ಜು ಉಳಿದಿದೆ ಎಂಬ ಅಂಕಿ ನೋಡುತ್ತಾರೆ. ನೂರು, ತೊಂಬತ್ತೈದು, ತೊಂಬತ್ತು. ಊಟಕ್ಕೆ ಕರೆದರೆ ಬೇಡ ಎನ್ನುತ್ತಾರೆ. ಎರಡು ಗಂಟೆಗೆ ಬಸವರಾಜಪ್ಪ ಬಂದು ನಿಲ್ಲುತ್ತಾರೆ, ಖುದ್ದೂಸ್ ಬಂದು ನಿಲ್ಲುತ್ತಾರೆ. ಫಾಮಿದಾ ತಗಡಿನ ಮೇಲೆ ಅಂಗೈ ಇಟ್ಟು ನೋಡುತ್ತಾರೆ. "ತಣ್ಣಗೈತೆ" ಎನ್ನುತ್ತಾರೆ. ಎರಡೂ ಕಾಲಾಗುತ್ತದೆ, ಮೂರಾಗುತ್ತದೆ. ಕೋಣೆಯಿಂದ ಗೊರಕೆ ಕೇಳಿಸುತ್ತದೆ. ಬಸವರಾಜಪ್ಪ ಬಾಗಿಲಲ್ಲಿ ಇಣುಕಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ವಾಪಸ್ಸು ಬರುತ್ತಾರೆ.

ಐದೂ ಹತ್ತಕ್ಕೆ ನಡುಮನೆಯ ದೀಪ ಹತ್ತುತ್ತದೆ. ಪೆಟ್ಟಿಗೆಯಲ್ಲಿ ಇನ್ನೂ ಮೂವತ್ತೊಂದು ಉಳಿದಿದೆ. ಖುದ್ದೂಸ್ ಉಸಿರು ಬಿಟ್ಟದ್ದು ನನಗೆ ಕೇಳಿಸುತ್ತದೆ. ನಿಮಗೇನಾದರೂ ಆಸೆಯಿದೆಯೇ ಎಂದು ಫಾಮಿದಾರನ್ನು ಕೇಳುತ್ತೇನೆ. ಅವರು ಉತ್ತರ ಹುಡುಕುತ್ತಿರುವಾಗಲೇ ಒಳಗಿನಿಂದ ಗುರುಸಿದ್ದಮ್ಮನವರ ನಿದ್ದೆಗಣ್ಣಿನ ದನಿ ಬರುತ್ತದೆ.

"ಲೋ ಬಸ್ರಾಜ, ಕರೆಂಟು ಯಾವಾಗ್ಲೋ ತೆಗಿಯೋದು? ಅಂಜ್ಕಂಡು ಅಂಜ್ಕಂಡು ಸಾಕಾಗೋಯ್ತು."

"ತೆಗ್ದು, ವಾಪಸ್ಸೂ ಕೊಟ್ರು ಕಣವ್ವ" ಎನ್ನುತ್ತಾರೆ ಮಗ.

ಒಳಗೆ ಅವರು ಎದ್ದು ಕೂರುವ ಸದ್ದು. ಆಮೇಲೆ, "ಆ ಹುಡ್ಗಿ ಹೊರಟೋದ್ಲಾ? ಕರಿಯೋ, ಒಂದ್ ತುತ್ತು ಉಣ್ಣಲಿ."

ಫಾಮಿದಾ ನನ್ನ ಕಡೆ ತಿರುಗುತ್ತಾರೆ. "ಏನೋ ಆಸೆ ಅಂತ ಕೇಳಿದ್ರಲ್ಲ" ಎಂದು ಸೆರಗು ಸರಿಮಾಡಿಕೊಂಡು ಏಳುತ್ತಾರೆ. "ಕರೆಂಟು ಹೋಗಿದ್ದೇ ಗೊತ್ತಾಗ್ಲಿಲ್ವಲ್ಲ ಅವ್ರಿಗೆ. ಅಷ್ಟೇ ಕಣ್ರೀ."