ಉಚ್ಚೆ ಅಳೆಯುವ ಸಿದ್ದಲಿಂಗವ್ವ

ನಸುಕು ಹರಿಯುವ ಹೊತ್ತು. ಇಂಡಿಯ ಬಸ್ ನಿಲ್ದಾಣದ ಹಿಂದಿನ ಸಣ್ಣ ದವಾಖಾನೆಯಲ್ಲಿ ಸಿದ್ದಲಿಂಗವ್ವ ಮಂಚದ ಕೆಳಗಿನ ಬಾಟಲಿ ಎತ್ತುತ್ತಾಳೆ. ರೋಗಿ ಹೊಯ್ದ ಉಚ್ಚೆಯನ್ನು ಗೆರೆ ಕೊರೆದ ಗಾಜಿಗೆ ಸುರಿದು, ಎಷ್ಟು ಗೆರೆ ಏರಿತೆಂದು ಡಾಕ್ಟರಿಗೆ ಹೇಳುವುದು ಆಕೆಯ ದಿನದ ಮೊದಲ ಕೆಲಸ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ. ಹೃದಯ ಸೋತವರ ಹಣೆಬರಹ ಆ ಗೆರೆಗಳ ಮೇಲೇ ನಿಂತಿರುತ್ತದೆ.

ಎಪ್ಪತ್ತೆರಡರ ಬರದಲ್ಲಿ ರಸ್ತೆಗೆ ಜಲ್ಲಿ ಒಡೆದ ಕೈಗಳಿವು. ಗಂಡ ತೀರಿಕೊಂಡ ಮೇಲೆ ಐದು ವರ್ಷದಿಂದ ಇಲ್ಲಿ ಆಯಾ. ಹನ್ನೆರಡು ಮಂಚ, ದಿನಕ್ಕೆ ಇಪ್ಪತ್ತು ಬಾಟಲಿ. "ಮೊದಲ ಊಟಾನ ಸೇರ್ತಿದ್ದಿಲ್ರಿ. ಈಗ ಅದ ಕೈ ತೊಳ್ಕೊಂಡು ರೊಟ್ಟಿ ತಿಂತೇನಿ" ಎನ್ನುತ್ತಾಳೆ. ಬೀಗರ ಮನೆಯಲ್ಲಿ ಮಾತ್ರ ಆಕೆ ಬಡಿಸಲು ಬಂದರೆ ತಾಟುಗಳು ಹಿಂದೆ ಸರಿಯುತ್ತವೆ.

ಈ ವಾರ ಮೂಲೆಯ ಮಂಚದಲ್ಲಿ ತಾಂಬಾದ ಕುರಿಗಾರ ಸಿದ್ದರಾಯನಿದ್ದಾನೆ. ಕಾಲು ಬಾತಿವೆ, ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ಇರುತ್ತಾನೆ. ಮೈಯಲ್ಲಿ ನಿಂತ ನೀರು ಇಳಿಯಲೆಂದು ಡಾಕ್ಟರು ಇಂಜೆಕ್ಷನ್ ಕೊಡುತ್ತಾರೆ. ಅದು ಹೆಚ್ಚಾದರೆ ಮೂತ್ರಪಿಂಡ ಸೋಲುತ್ತದೆ, ಕಡಿಮೆಯಾದರೆ ಎದೆಯಲ್ಲಿ ನೀರು ತುಂಬುತ್ತದೆ. ಅತ್ತ ದರಿ, ಇತ್ತ ಹುಲಿ. ಎಷ್ಟು ಕೊಡಬೇಕೆಂಬುದನ್ನು ಉಚ್ಚೆಯೇ ಹೇಳಬೇಕು.

ಮೂರು ದಿನ ಗಾಜು ಚೆನ್ನಾಗಿ ತುಂಬಿತು. ಮೂತ್ರಪಿಂಡ ಗಟ್ಟಿಯಿದೆ ಎಂದು ಡಾಕ್ಟರು ಅದೇ ಔಷಧಿ ಮುಂದುವರಿಸಿದರು. ಕಾಲಿನ ಬಾವು ಮಾತ್ರ ಇಳಿಯಲಿಲ್ಲ. ನಿನ್ನೆ ಸಿದ್ದಲಿಂಗವ್ವನಿಗೆ ಅನುಮಾನ ಬಂತು. ಈಗಷ್ಟೇ ಹೊಯ್ದದ್ದು ಎಂದು ಮಂಚದ ಬಳಿಯಿದ್ದವರು ಹೇಳಿದರೂ ಬಾಟಲಿ ಕೈಗೆ ತಣ್ಣಗೆ ಹತ್ತಿತು. ರೋಗಿಯ ಹೆಂಡತಿ ಶೇವಂತೆವ್ವನನ್ನು ಹಿತ್ತಲಿಗೆ ಕರೆದು ಕೇಳಿದಳು: "ಏನ್ ಹಾಕೀಯವ್ವಾ ಇದ್ರಾಗ?"

ಶೇವಂತೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನೀರ್ರಿ ಅಕ್ಕಾ. ಉಚ್ಚಿ ಬಂದ್ರ ಉಳಿತಾರ ಅಂದಿದ್ರು ಡಾಕ್ಟರು. ಕಡಿಮಿ ಕಂಡ್ರ ಇನ್ನ ಆಗಂಗಿಲ್ಲ ಅಂತ ಮನಿಗೆ ಕಳಸ್ತಾರಂತ ಹೆದರಿದ್ನಿ. ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

ಆದರೂ ಸಿದ್ದಲಿಂಗವ್ವ ಹೋಗಿ ಡಾಕ್ಟರಿಗೆ ಹೇಳಿದಳು. ಡಾಕ್ಟರು ಯಾರನ್ನೂ ಬೈಯಲಿಲ್ಲ. ಹಣೆ ಹಿಡಿದು ಕೂತರು. ಇಂಜೆಕ್ಷನ್ನಿನ ಪ್ರಮಾಣ ಇಳಿಸಿ, ರಕ್ತವನ್ನು ಪರೀಕ್ಷೆಗೆ ಬಿಜಾಪುರಕ್ಕೆ ಕಳಿಸಿದರು. ಅಷ್ಟರಲ್ಲಿ ಹೆಚ್ಚಾದ ಔಷಧಿಯಿಂದ ಮೂತ್ರಪಿಂಡಕ್ಕೆ ಬೀಳುವ ಪೆಟ್ಟು ಬಿದ್ದಾಗಿತ್ತು.

ಇಂದು ಸಿದ್ದರಾಯನ ಬಾಟಲಿ ಸುರಿದಾಗ ಶೇವಂತೆವ್ವ ಬಾಗಿಲಲ್ಲೇ ನಿಂತಿದ್ದಾಳೆ. "ಎಷ್ಟಾತ್ರಿ ಅಕ್ಕಾ?"

"ಎರಡ ಗೆರಿ ಅಷ್ಟ, ತಂಗಿ."

ಶೇವಂತೆವ್ವ ಒಳಗೆ ಹೋಗಿ ಗಂಡನ ಬೆನ್ನು ನೀವತೊಡಗುತ್ತಾಳೆ. ಇತ್ತ ಸಿದ್ದಲಿಂಗವ್ವ ಗಾಜು ತೊಳೆದು ಬೋರಲು ಹಾಕುತ್ತಾಳೆ. ಕಣ್ಣು ತುಂಬಿವೆ, ಮರೆಮಾಡುವುದಿಲ್ಲ.

"ಆಕಿ ಸಂಕಟ ನನಗ ತಿಳಿತೈತ್ರಿ. ನನ್ನ ಗಂಡ ಹೋಗೂ ಮುಂದ ನನ್ನ ಕೈಯಾಗ ಬಾಟ್ಲಿ ಕೊಟ್ಟಿದ್ರ ನಾನೂ ನೀರ ಹಾಕ್ತಿದ್ನಿ. ನಂದು ಒಂದ ಆಸೆ ಐತಿ. ನಾಳೆ ಆಕಿ ಕೇಳಿದ್ರ, 'ಭಾಳ ಆತವ್ವಾ' ಅಂತ ಸುಳ್ಳಿಲ್ಲದ ಹೇಳಬೇಕ್ರಿ."