ನಾಲ್ಕನೆಯದು ಡಿ

ನನ್ನ ತಂಗಿ ಹೊಸದುರ್ಗದಲ್ಲಿ ರವಿಕೆಗಳಿಗೆ ಕಂಪ್ಯೂಟರ್ ಕಸೂತಿ ಹಾಕುತ್ತಾಳೆ. ಡಿಸೈನುಗಳನ್ನು ಲ್ಯಾಪ್‌ಟಾಪಿನಲ್ಲಿ ಅವಳೇ ಬಿಡಿಸುತ್ತಾಳೆ. ಎರಡು ವರ್ಷದ ಡಿಸೈನುಗಳೆಲ್ಲ ಅದರ ಡಿ ಡ್ರೈವಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. "ಸಿನಿಮಾ ಗಿನಿಮಾ ಸಿ ಒಳಗೆ ಹಾಕ್ಯ. ಡಿ ಮುಟ್ಟಿದ್ರೆ ಕೈ ಮುರಿತೀನಿ ನೋಡಣ್ಣ" ಎನ್ನುತ್ತಿದ್ದಳು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವವನು. ಲ್ಯಾಪ್‌ಟಾಪ್ ಒಂದು ಫೈಲ್ ತೆರೆಯುವಷ್ಟರಲ್ಲಿ ತಂಗಿ ಟೀ ಕಾಸಿ ಕುಡಿದು ಬರುತ್ತಿದ್ದಳು. ವಿಂಡೋಸ್ ಹಾಗೇ ಇಟ್ಟು ಪಕ್ಕದಲ್ಲಿ ಲಿನಕ್ಸ್ ಎಂಬ ಇನ್ನೊಂದು ಸಿಸ್ಟಮ್ ಹಾಕಿದರೆ ಹಳೆಯ ಯಂತ್ರವೂ ಓಡುತ್ತದೆ ಎಂದು ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹೇಳಿದ. ಅವಳ ಕಸೂತಿ ಸಾಫ್ಟ್‌ವೇರ್ ಅದರಲ್ಲಿ ನಡೆಯುತ್ತದೋ ಇಲ್ಲವೋ ಎಂದೂ ನಾನು ವಿಚಾರಿಸಲಿಲ್ಲ. ಅವಳು ನೆಂಟರ ಮದುವೆಗೆಂದು ಹಿರಿಯೂರಿಗೆ ಹೋದಾಗ ಶುರುಮಾಡಿದೆ.

ಮೊದಲ ದಿನ ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಎಬ್ಬಿಸುವುದರಲ್ಲೇ ಹೋಯಿತು. ಆನ್ ಮಾಡಿದ ಕೂಡಲೇ ಎಫ್ ಹನ್ನೆರಡು ಒತ್ತಬೇಕಂತೆ. ಬೇಗ ಒತ್ತಿದರೂ ವಿಂಡೋಸ್, ತಡವಾಗಿ ಒತ್ತಿದರೂ ವಿಂಡೋಸ್. ವಿಡಿಯೋದವನು ನಗುತ್ತಾ "ತುಂಬಾ ಸಿಂಪಲ್" ಎನ್ನುತ್ತಿದ್ದ. ಅವನ ಕಪಾಳಕ್ಕೆ ಬಾರಿಸುವ ಹಾಗಾಗಿತ್ತು. ಸುಟ್ಟ ಮೋಟಾರಾದರೆ ವಾಸನೆಯಲ್ಲೇ ತಿಳಿಯುತ್ತದೆ. ಇದು ಏನನ್ನೂ ಹೇಳದು.

ಮರುದಿನ ಹೇಗೋ ಎದ್ದು, ಎಲ್ಲಿ ಹಾಕಲಿ ಎಂದು ಕೇಳಿತು. ಪಟ್ಟಿಯಲ್ಲಿ ಸಿಯೂ ಇಲ್ಲ, ಡಿಯೂ ಇಲ್ಲ. ಬರೀ ನಂಬರು, ಒಂದರಿಂದ ಐದು. ಎ, ಬಿ, ಸಿ, ಡಿ ಎಂದು ಬೆರಳು ಮಡಚಿದೆ. ನಾಲ್ಕನೆಯದು ಡಿ. ಅದನ್ನು ಬಿಟ್ಟು ಐದನೆಯದನ್ನು ಅಳಿಸಿದೆ. ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ಓದಲು ಬರಲಿಲ್ಲ, ಮುಂದೆ ಒತ್ತಿದೆ. ಲಿನಕ್ಸ್ ಬಂತು, ವಿಂಡೋಸೂ ಬಂತು. ಡಿ ಮಾತ್ರ ಬರಲಿಲ್ಲ. ನಾನು ಅಳಿಸಿದ ಐದನೆಯದೇ ಅದು.

ಅಷ್ಟರಲ್ಲಿ ತಂಗಿಯ ಫೋನು. "ಏನಣ್ಣ, ಸಿನಿಮಾ ತುಂಬಿ ನನ್ ಲ್ಯಾಪ್‌ಟಾಪ್ ಕೆಡಿಸಿಲ್ಲ ತಾನೆ?"

"ಸರಿ ಐತೆ ಕಣೆ. ನೀನು ಹೋಳಿಗೆ ತಿನ್ನು."

ಅವಳು ಬರುವುದರೊಳಗೆ ಸರಿಮಾಡಲು ಲಿನಕ್ಸ್ ತೆಗೆದೆ, ಮತ್ತೆ ಹಾಕಿದೆ, ಮತ್ತೆ ತೆಗೆದೆ. ಖಾಲಿ ಜಾಗಕ್ಕೆ ಡಿ ಎಂದು ಹೆಸರಿಟ್ಟೆ. ಒಳಗೆ ಏನೂ ಇಲ್ಲ. ಸಿಟ್ಟಿನಲ್ಲಿ ಮೇಜಿಗೆ ಗುದ್ದಿ ಕೈ ಊದಿಸಿಕೊಂಡೆ. ತಂಗಿ ಬಂದಾಗ, ತಾನಾಗೇ ಕೆಟ್ಟಿತು ಎಂದೆ.

ಇಬ್ಬರೂ ಚಿತ್ರದುರ್ಗಕ್ಕೆ ಒಯ್ದೆವು. ರಿಪೇರಿಯವನು ಬಹಳ ಹೊತ್ತು ನೋಡಿ, "ಅಳಿಸಿದ ಕೂಡ್ಲೇ ಆಫ್ ಮಾಡಿ ತಂದಿದ್ರೆ ಸಿಗ್ತಿದ್ವು ಕಣಮ್ಮ. ಅಳಿಸಿದ ಜಾಗದ ಮೇಲೆ ಯಾರೋ ಮತ್ತೆ ಮತ್ತೆ ಬೇರೆದನ್ನ ತುಂಬಿದವ್ರೆ" ಎಂದ.

ತಂಗಿ ನನ್ನತ್ತ ತಿರುಗಿದಳು. "ನಾನು ಫೋನ್ ಮಾಡಿದಾಗ ಅಳಿಸಿ ಆಗಿತ್ತೇನಣ್ಣ?"

"ಹೂಂ."

ಬಸ್ಸು ಹೊಳಲ್ಕೆರೆ ದಾಟಿದ ಮೇಲೆ, "ಗಿರಾಕಿಗಳ ಮನೆಗೋಗಿ ಹಳೇ ರವಿಕೆ ಇಸ್ಕಂಡು ಬಾ. ನೋಡ್ಕಂಡು ಮತ್ತೆ ಬಿಡಿಸ್ತೀನಿ. ಯಾಕೆ ಅಂತ ಕೇಳಿದ್ರೆ ನೀನೇ ಹೇಳ್ಬೇಕು" ಎಂದಳು.

ಮೊದಲು ಬಾಗೂರಿನ ಒಬ್ಬ ಗಿರಾಕಿಯ ಮನೆಗೆ ಹೋದೆ. ಆ ಮನೆಯಾಕೆ ಮಗಳ ಮದುವೆಯ ರವಿಕೆಯನ್ನು ಹೊರಗೆ ತಂದು, "ಯಾಕಪ್ಪ, ಇದ್ರ ಡಿಸೈನು ನಿನ್ ತಂಗಿ ಹತ್ರ ಇಲ್ವಾ?" ಎಂದು ಕೇಳಿದರು.

"ಇತ್ತಕ್ಕ. ನಾನು ಅಳಿಸ್ದೆ. ಅಳಿಸಿಲ್ಲ ಅಂತ ಸುಳ್ಳೂ ಹೇಳ್ದೆ."

ಅವರು ನನ್ನತ್ತ ಚಾಚಿದ್ದ ರವಿಕೆಯನ್ನು ಅರ್ಧಕ್ಕೇ ಹಿಂದಕ್ಕೆ ಎಳೆದುಕೊಂಡರು. "ಇದನ್ನಾದ್ರೂ ಹುಷಾರಾಗಿ ಒಯ್ತೀಯೇನಪ್ಪ?"