ಮಾತೃಭಾಷೆಯ ಕಾಲಂ

ವಿಶಾಖಪಟ್ಟಣದ ನಮ್ಮ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಒಂದು ಅರ್ಜಿ ಬಿದ್ದಿದೆ. ಮಗನನ್ನು ಒಂದನೇ ತರಗತಿಗೆ ಸೇರಿಸುವ ಅರ್ಜಿ. ಸಮುದ್ರದ ಗಾಳಿಗೆ ಹಾರಿಹೋಗದಿರಲೆಂದು ಹೆಂಡತಿ ಅದರ ಮೇಲೆ ಕೊಂಡಪಲ್ಲಿಯ ಮರದ ಗಿಳಿಯೊಂದನ್ನು ಇಟ್ಟಿದ್ದಾಳೆ. ಕೊಕ್ಕಿನ ಬಣ್ಣ ಹೋದ ಆ ಗಿಳಿ ಕೂತಿರುವುದು ಸರಿಯಾಗಿ ‘ಮಾತೃಭಾಷೆ’ ಎಂಬ ಕಾಲಂ ಮೇಲೆ. ನಗಬೇಡಿ, ಅದನ್ನು ಎತ್ತಿ ಪಕ್ಕಕ್ಕಿಡಲು ಎರಡು ದಿನದಿಂದ ನನಗೆ ಧೈರ್ಯವಾಗಿಲ್ಲ.

ಗಿಳಿ ಕೊಟ್ಟವರು ಅಕ್ಕೋರು. ಗದಗಿನ ಕಡೆ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿ, ಮಗಳ ಮನೆಯೆಂದು ವಿಜಯವಾಡದ ಭವಾನಿಪುರಂಗೆ ಬಂದಿದ್ದರು. ಕೆಲವು ವರ್ಷಗಳ ಹಿಂದಿನ ಮಾತು, ವರ್ಗವಾಗಿ ಬಂದ ನಾನು ಆಗ ಅಲ್ಲಿಯ ಬ್ಯಾಂಕಿನಲ್ಲಿದ್ದೆ. ಮೊದಲ ಸಲ ನಮ್ಮನೆಗೆ ಬಂದವರು ನನ್ನ ಮಗಳನ್ನು, “ಯಾವ ಇಯತ್ತೆ ಓದ್ತಿ ನಮ್ಮವ್ವಾ?” ಎಂದು ಕೇಳಿದರು. ಮಗಳು ತೆಲುಗಿನಲ್ಲಿ ಉತ್ತರ ಕೊಟ್ಟಳು.

“ಆಕಿ ತಪ್ಪಲ್ಲ ಬಿಡ್ರಿ,” ಎಂದರು ಅಕ್ಕೋರು. ಯಾರ ತಪ್ಪು ಎಂದು ಹೇಳಲಿಲ್ಲ.

ಮುಂದಿನ ವಾರದಿಂದ ಮಗಳ ಶಾಲೆಯಲ್ಲೇ, ಸಂಜೆ ಬೆಲ್ಲು ಹೊಡೆದ ಮೇಲೆ, ಕನ್ನಡದ ಮನೆಗಳ ಮಕ್ಕಳಿಗೆ ಒಂದು ಗಂಟೆ ಪಾಠ ಶುರುವಾಯಿತು. ಸರ್ಕಾರದ ಅನುದಾನದ ಶಾಲೆ ಅದು. ತೆಲುಗಿನವರಾದ ಹೆಡ್‌ಮಾಸ್ತರರು ಕೋಣೆಯನ್ನೂ ಸೀಮೆಸುಣ್ಣವನ್ನೂ ಸಂತೋಷದಿಂದ ಕೊಟ್ಟರು. ಅಕ್ಷರಮಾಲೆ ಮುಗಿಸಿದ ಮಗುವಿಗೆ ಒಂದು ಗಿಳಿ ಬಹುಮಾನ, ಅಕ್ಕೋರ ಪಿಂಚಣಿಯಿಂದ. ನನ್ನ ಮಗಳು ಗಿಳಿ ಗೆದ್ದ ದಿನ ಊರಿನ ಅಜ್ಜಿಗೆ ಫೋನು ಮಾಡಿ ಅ ಆ ಇ ಈ ಪೂರ್ತಿ ಒಪ್ಪಿಸಿದಳು. ಅಜ್ಜಿ ಆ ಕಡೆಯಿಂದ ಅತ್ತರು.

ಆದರೆ ಅಕ್ಕೋರ ಮೊಣಕಾಲು ಅವರ ಮಾತು ಕೇಳುತ್ತಿರಲಿಲ್ಲ. ಹೆಡ್‌ಮಾಸ್ತರರೇ ಒಂದು ದಾರಿ ತೋರಿಸಿದರು. ಬೇರೆ ಮಾತಿನ ಮಕ್ಕಳು ಒಂದು ಶಾಲೆಯಲ್ಲಿ ಸಾಕಷ್ಟಿದ್ದರೆ ಸರ್ಕಾರವೇ ಶಿಕ್ಷಕರನ್ನೂ ಪುಸ್ತಕವನ್ನೂ ಕೊಡುವ ನಿಯಮವಿದೆಯಂತೆ. “ಎಂದುಕು ಅಡಗರು ಮೇಡಂ?” ಯಾಕೆ ಕೇಳುವುದಿಲ್ಲ ಎಂದರು. ಕೇಳಿದೆವು. ಸಿಕ್ಕರೆ ತರಗತಿ ಉಳಿಯುತ್ತಿತ್ತು, ಇಲ್ಲವಾದರೆ ಅಕ್ಕೋರ ಮೊಣಕಾಲಿನ ಜೊತೆಗೇ ಮುಗಿಯುತ್ತಿತ್ತು.

ಶಿಕ್ಷಣ ಕಚೇರಿಗೆ ನಾವಿಬ್ಬರೂ ಎಷ್ಟು ಸಲ ಅಲೆದೆವೋ! ಸಾಹೇಬರು ಇಲ್ಲ, ಇದ್ದರೆ ಮೀಟಿಂಗು, ಮೀಟಿಂಗು ಮುಗಿದರೆ ಊಟ. ಬೆಂಚಿನ ಎದುರಿನ ಗೋಡೆಯಲ್ಲಿ ಒಂದು ಭಿತ್ತಿಪತ್ರ: ಮಗು ತಾಯಿನುಡಿಯಲ್ಲಿ ಕಲಿತರೆ ಅರಳುತ್ತದೆ ಎಂದು, ನಗುವ ಮಗುವಿನ ಚಿತ್ರ ಸಮೇತ. ಅದನ್ನು ನೋಡಿ ನೋಡಿ ನನಗೆ ಆ ಮಗುವಿನ ಮೇಲೂ ಸಿಟ್ಟು ಬರತೊಡಗಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಈ ಬೆಂಚಿನ ಮೇಲೆ ಕೂತವರೇ ಮಾಡಿದ ಗಾದೆಯಿರಬೇಕು.

ಕೊನೆಗೂ ಸಿಕ್ಕ ಅಧಿಕಾರಿ ಕಡತ ಮಗುಚಿ, “ಕನ್ನಡಂ ಪಿಲ್ಲಲು ಒಕ್ಕರು ಕೂಡಾ ಲೇರಂಡಿ,” ಎಂದರು. ಕನ್ನಡದ ಮಗು ಒಂದೂ ಇಲ್ಲವಂತೆ! ನಾನು ರೇಗಿದೆ. ನನ್ನ ಹರಕು ತೆಲುಗಿನಲ್ಲಿ, ಸಂಜೆ ಬನ್ನಿ, ಕೋಣೆ ತುಂಬ ಕೂತಿರುತ್ತಾರೆ, ಕಣ್ಣಾರೆ ನೋಡಿ ಎಂದು ಕೂಗಾಡಿದೆ. ಅವರು ಸಿಟ್ಟಾಗಲಿಲ್ಲ. ದಾಖಲೆಯಲ್ಲಿಲ್ಲದ ಮಕ್ಕಳನ್ನು ನೋಡಲು ಯಾಕೆ ಬರಬೇಕು ಎನ್ನುತ್ತ ಪ್ರವೇಶದ ಅರ್ಜಿಗಳ ನಕಲನ್ನು ನಮ್ಮ ಮುಂದೆ ತಳ್ಳಿದರು.

ಮಾತೃಭಾಷೆಯ ಎದುರಿಗೆ ಎಲ್ಲದರಲ್ಲೂ ತೆಲುಗು. ಮೂರನೆಯ ಅರ್ಜಿ ನನ್ನದು. ದಿನವಿಡೀ ಊರಿನವರ ಸಹಿ ತಾಳೆ ನೋಡುವ ನನಗೆ ಸ್ವಂತ ಸಹಿ ಗುರುತು ಸಿಗದೆ ಇರುತ್ತದೆಯೆ?

ಇದು ನಮ್ಮಲ್ಲಿ ನಡೆದುಬಂದ ರೂಢಿ. ವರ್ಗವಾಗಿ ಹೋಗುವವರು ಬರುವವರಿಗೆ ಹಾಲಿನವನ ನಂಬರು, ಕುಕ್ಕರ್ ರಿಪೇರಿಯ ಅಂಗಡಿಯ ವಿಳಾಸ ಹೇಳುತ್ತಾರೆ. ಜೊತೆಗೆ ಈ ಉಪದೇಶ: “ಮದರ್ ಟಂಗ್ ತೆಲುಗು ಅಂತ ಬರೆದುಬಿಡಿ ಸಾರ್. ಮೂರು ವರ್ಷ ಇರೋರಿಗೆ ಯಾಕೆ ಬೇಕು ತಲೆನೋವು?” ಯಾರೂ ಒತ್ತಾಯ ಮಾಡಿರಲಿಲ್ಲ. ಕನ್ನಡ ಎಂದು ಬರೆದಿದ್ದರೆ ಯಾರೂ ನಮ್ಮನ್ನು ಇಂದ್ರಕೀಲಾದ್ರಿ ಬೆಟ್ಟದಿಂದ ಕೃಷ್ಣಾ ನದಿಗೆ ತಳ್ಳುತ್ತಿರಲಿಲ್ಲ.

ಅಕ್ಕೋರು ಆ ಹಾಳೆಯ ಮೇಲೆ ಬೆರಳಿಟ್ಟರು. “ನೀವೂ ಹಿಂಗ ಬರದೀರೇನ್ರಿ?”

ತಿದ್ದಿ ಬರೆದುಕೊಡುತ್ತೇವೆ ಎಂದು ಅಂಗಲಾಚಿದೆ. ನಡುವರ್ಷದಲ್ಲಿ ತಿದ್ದಲಾಗದು, ಮುಂದಿನ ವರ್ಷ ಬನ್ನಿ ಎಂದರು ಅಧಿಕಾರಿ. ಇರುವ ಹಣವನ್ನು ಇರುವ ಮಕ್ಕಳಿಗೆ ಕೊಡಲು ಒಂದು ಪದ ಅಡ್ಡ! ಅದಕ್ಕಾಗಿ ಅವರನ್ನು ಇಂದಿಗೂ ಕ್ಷಮಿಸಿಲ್ಲ. ಆ ಪದವನ್ನು ಕೈಯಾರೆ ಬರೆದುಕೊಟ್ಟವನನ್ನಂತೂ ಕ್ಷಮಿಸುವ ಮಾತೇ ಇಲ್ಲ. ಮುಂದಿನ ವರ್ಷದ ಹೊತ್ತಿಗೆ ಅರ್ಧ ಮನೆಗಳು ವರ್ಗವಾಗಿ ಹೋಗಿದ್ದವು, ಅಕ್ಕೋರು ಮಂಚ ಹಿಡಿದಿದ್ದರು. ಆ ಕೋಣೆಯಲ್ಲೀಗ ಮುರಿದ ಬೆಂಚುಗಳಿವೆಯಂತೆ.

ಈಗ ಗಿಳಿಯನ್ನು ಎತ್ತಿದೆ. ಕಾಲಂನಲ್ಲಿ ‘ಕನ್ನಡ’ ಎಂದು ಒತ್ತಿ ಬರೆದೆ. ಹತ್ತನೇ ತರಗತಿಯ ಮಗಳು ಹಿಂದೆ ನಿಂತು ನೋಡುತ್ತಿದ್ದಳು.

“ನಂದೂ ಹಿಂಗ ಬರದಿದ್ದಿ ಹೌದಿಲ್ಲೋ, ನಾನ್ನಾ?” ಅಪ್ಪ ಎಂಬ ಮಾತು ಅವಳ ಬಾಯಿಂದ ಹೋಗಿ ಬಹಳ ದಿನವಾಯಿತು.

ಹೌದು ಎಂದುಬಿಡುವುದು ಸುಲಭವಿತ್ತು. “ಇಲ್ಲವ್ವಾ,” ಎಂದೆ. “ನಿಂದು ತೆಲುಗು ಅಂತ ಬರದಿದ್ದೆ.”

ಮಗಳು ಗಿಳಿಯನ್ನು ಕೈಗೆತ್ತಿಕೊಂಡಳು.

“ಎಂದುಕು?” ಎಂದಳು.